ಮಾಣಿಕ್ಯಂ ಪರವಾಗಿ ಒಂದು ಅರ್ಜಿ

ಹೋದ ವಾರ ನಮ್ಮ ಮನೆಯಲ್ಲಿ ಮೊಮ್ಮಗಳ ನೆತ್ತಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡಿದರು. ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡುಗೆಮನೆ ಕಡೆ ತಿರುಗಿ, "ಯಾರ ಬೂಟು?" ಎಂದು ಕೇಳಿಬಿಟ್ಟೆ. ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಬೂಟಾ? ಎಂಥ ಬೂಟು? ನಿಮಗೆ ಅರಳು ಮರಳು ಶುರುವಾಯ್ತು ನೋಡ್ರಿ," ಎಂದು ಹೇಳಿ ಒಳಗೆ ಹೋದಳು.

ಅರಳು ಮರಳಲ್ಲ, ಹೇಳುತ್ತೇನೆ ಕೇಳಿ. ನಿಮಗೆ ಹರಳೆಣ್ಣೆ ಎಂದರೆ ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಭೇದಿ ಔಷಧಿ ನೆನಪಾಗಬಹುದು. ನನಗೆ ನೆನಪಾಗುವುದು ಫುಟ್‌ಬಾಲ್. ಅದರಲ್ಲೂ ಒಬ್ಬನೇ ಒಬ್ಬ ಆಟಗಾರ. ಅವನ ವಿಷಯದಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಆಮೇಲೆ ಆ ಕಥೆಯನ್ನು ಮದುವೆ ಮನೆ, ನಾಮಕರಣ ಎನ್ನದೆ ಹೋದಲ್ಲೆಲ್ಲ ಹೇಳಿ ಜನರನ್ನು ನಗಿಸಿದ್ದೇನೆ. ಈ ಸಲ ಹೇಳುವಾಗ ನೀವು ನಗುತ್ತೀರೋ ಇಲ್ಲವೋ ಗೊತ್ತಿಲ್ಲ.

ಐವತ್ತರ ದಶಕದ ನಡುಭಾಗ. ನನಗೆ ಇಪ್ಪತ್ತೈದರ ಆಸುಪಾಸು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ವಾರವಿಡೀ ಟೈಪ್‌ರೈಟರ್ ಕುಟ್ಟುವುದು, ಶನಿವಾರ ಮಧ್ಯಾಹ್ನ ರೈಲು ಹತ್ತುವುದು, ಭದ್ರಾವತಿಯಲ್ಲಿ ಇಳಿದು ಜನ್ನಾಪುರದ ಗಿರಿಜಕ್ಕನ ಮನೆಗೆ ಹೋಗುವುದು, ಇಷ್ಟೇ ನನ್ನ ಸಂಸಾರ. ಅಕ್ಕನನ್ನು ಕಂಡರೆ ಇವನಿಗೆ ಎಷ್ಟು ಪ್ರೀತಿ ಎಂದು ಅಮ್ಮ ಬೀದಿಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದಳು. ಅಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. "ಬಂದ್ಯಾ? ಕೈಕಾಲು ತೊಳ್ಕೋ. ನಾಳೆ ಮ್ಯಾಚು ಇಲ್ಲ ಅಂದ್ರೆ ನಿಂಗೆ ಅಕ್ಕ ಅನ್ನೋಳು ಇದ್ದಾಳೆ ಅಂತಾನೂ ನೆನಪಿರಲ್ಲ," ಎನ್ನುತ್ತಿದ್ದಳು. ನಾನು ಹಲ್ಲು ಕಿರಿದು ತಟ್ಟೆ ಮುಂದೆ ಕೂರುತ್ತಿದ್ದೆ.

ನಾನು ಆಟಗಾರನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೀವಮಾನದಲ್ಲಿ ಒಂದೇ ಸಲ ಚೆಂಡು ಒದ್ದಿದ್ದೇನೆ. ಪಂಚೆ ಕಾಲಿಗೆ ತೊಡರಿ, ಚೆಂಡು ಒಂದು ಕಡೆ ಹೋಗಿ, ನಾನು ಇನ್ನೊಂದು ಕಡೆ ಬಿದ್ದು, ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ಆದರೆ ಗ್ಯಾಲರಿಯಲ್ಲಿ ಕೂತರೆ ನನ್ನಂಥ ಪಂಡಿತ ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ಯಾರು ಯಾರಿಗೆ ಪಾಸು ಕೊಡಬೇಕಿತ್ತು, ರೆಫರಿಗೆ ಕಣ್ಣು ಎಲ್ಲಿತ್ತು, ಎಲ್ಲವನ್ನೂ ನಾನೇ ಹೇಳಬೇಕು. ನನ್ನ ಭಾವ ಬಸವರಾಜಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕ್ಲಾರ್ಕು. ಅವರೂ ಇಂಥ ಪಂಡಿತರೇ. ನಾನು ಹೌದು ಎಂದರೆ ಅವರು ಅಲ್ಲ ಎನ್ನಬೇಕು. ನಮ್ಮಿಬ್ಬರ ನಡುವೆ ಇದ್ದ ಪ್ರೀತಿಯೆಲ್ಲ ಈ ಜಗಳದಲ್ಲೇ ಇತ್ತು.

ಆ ಕಾರ್ಖಾನೆಯ ತಂಡದಲ್ಲಿ ಎಡಗಡೆ ಹಾಫ್ ಬ್ಯಾಕ್ ಆಡುತ್ತಿದ್ದವನು ಮಾಣಿಕ್ಯಂ. ನನಗಿಂತ ಏಳೆಂಟು ವರ್ಷ ದೊಡ್ಡವನು. ಎದುರಿಗೆ ಸಿಕ್ಕರೆ 'ನೀವು' ಎನ್ನುತ್ತಿದ್ದೆ. ಗ್ಯಾಲರಿಯಲ್ಲಿ ಕೂತವರು ಮಾತ್ರ ಆಟಗಾರರನ್ನು ಏಕವಚನದಲ್ಲೇ ಕರೆಯುವುದು. ಪ್ರೀತಿಯಿದ್ದಷ್ಟೂ ಏಕವಚನ ಜೋರು. ಚಿನ್ನದ ಗಣಿಯ ಕಡೆಯ ತಮಿಳರವನು. ಅಪ್ಪ ಗಣಿಯಲ್ಲಿ ದುಡಿದು, ಎದೆಯೊಳಗೆ ದೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತಿದ್ದ. ಮಗ ಕಾಲಿನ ಚಳಕದಿಂದ ಗಣಿ ತಪ್ಪಿಸಿಕೊಂಡು ಭದ್ರಾವತಿಗೆ ಬಂದ.

ಅಯ್ಯೋ, ಆ ಕಾಲು! ಬರಿಗಾಲಿನಲ್ಲಿ ಆಡುತ್ತಿದ್ದ. ಆಗ ನಮ್ಮ ಕಡೆ ಬಹಳ ಜನ ಬರಿಗಾಲಿನಲ್ಲೇ ಆಡುತ್ತಿದ್ದರು, ಅದೇನೂ ವಿಶೇಷವಲ್ಲ. ಆದರೆ ಮಾಣಿಕ್ಯಂ ಪಾದಕ್ಕೆ ಚೆಂಡು ತಾಗಿದರೆ ಸದ್ದೇ ಬರುತ್ತಿರಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಇಳಿಬಿಡುತ್ತಾರಲ್ಲ, ಹಾಗೆ ಇಳಿಸಿಕೊಳ್ಳುತ್ತಿದ್ದ. ಎದುರಿನವನು ಓಡಿ ಬರುತ್ತಿದ್ದರೆ ಇವನು ಓಡುತ್ತಿರಲಿಲ್ಲ; ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಚೆಂಡು ತಾನಾಗಿಯೇ ಬಂದು ಅವನ ಕಾಲ ಬುಡದಲ್ಲಿ ಕೂರುತ್ತಿತ್ತು. ಹೊಸದಾಗಿ ನೋಡಿದವರು, ಇವನೇನು ಮಾಡಿದ, ಸುಮ್ಮನೆ ನಿಂತಿದ್ದ, ಚೆಂಡು ಬಂತು ಎನ್ನುತ್ತಿದ್ದರು. ಅದು ಯಾಕೆ ಪ್ರತಿ ಸಲವೂ ಇವನ ಹತ್ತಿರವೇ ಬರುತ್ತದೆ ಎಂದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. ಭಾವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಈಗ ಒಂದು ವಿಷಯ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಟಕ್ಕೆಂದು ಕಾರ್ಖಾನೆಗೆ ತೆಗೆದುಕೊಂಡವರ ಕೆಲಸ ಕಾಯಂ ಅಲ್ಲ. ಹನ್ನೊಂದು ತಿಂಗಳಿಗೆ ಒಂದು ಕಾಗದ. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕಾಗದ ಬಂದರೆ ಉಂಟು, ಬರದಿದ್ದರೆ ಕೆಲಸವೂ ಇಲ್ಲ, ಕಾರ್ಖಾನೆ ಕೊಟ್ಟ ಲೈನ್ ಮನೆಯೂ ಇಲ್ಲ, ಗಂಟುಮೂಟೆ ಕಟ್ಟು. ಕೆಲಸವೆಂದರೂ ಹೆಸರಿಗಷ್ಟೇ. ಬೆಳಿಗ್ಗೆ ಬಂದು ಸಹಿ ಹಾಕಿ, ಹಾಗೆ ಹೀಗೆ ಓಡಾಡಿ, ಪ್ರಾಕ್ಟೀಸಿಗೆ ಹೋಗುವುದು. ಮಾಣಿಕ್ಯಂ ಒಬ್ಬ ಮಾತ್ರ ಫೌಂಡ್ರಿಯಲ್ಲಿ ನಿಜವಾಗಿ ದುಡಿಯುತ್ತಿದ್ದ. ಒದ್ದೆ ಮರಳನ್ನು ಪೆಟ್ಟಿಗೆಯಲ್ಲಿ ತುಂಬಿ, ಮರದ ಮಾದರಿ ಇಟ್ಟು ಅಚ್ಚು ಕಟ್ಟುವ ಕೆಲಸ. ಆಮೇಲೆ ಅದರೊಳಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. "ಯಾಕೆ ಸುಮ್ನೆ ಮೈ ನೋಯಿಸ್ಕೋತೀಯ?" ಎಂದು ಉಳಿದ ಆಟಗಾರರು ಕೇಳಿದರೆ, "ಸುಮ್ನೆ ಕೂತ್ರೆ ಕಾಲು ನೋಯ್ತದೆ," ಎನ್ನುತ್ತಿದ್ದನಂತೆ.

ಏಳು ವರ್ಷ ಹೀಗೆ ಕಾಗದದ ಮೇಲೆ ಕಾಗದ ಬಂತು. ಎಂಟನೆಯ ವರ್ಷಕ್ಕೆ ಬಂದದ್ದು ಬೂಟು.

ಇನ್ನು ಮುಂದೆ ದೊಡ್ಡ ಪಂದ್ಯಗಳಲ್ಲಿ ಬೂಟಿಲ್ಲದೆ ಆಡುವಂತಿಲ್ಲ ಎಂದು ಮೇಲಿನಿಂದ ಹುಕುಂ ಆಯಿತು. ಚಿಕ್ಕ ವಯಸ್ಸಿನವರು ಹೇಗೋ ಹೊಂದಿಕೊಂಡರು. ಮಾಣಿಕ್ಯಂ ಒದ್ದಾಡಿಬಿಟ್ಟ. ಕಾರ್ಖಾನೆಯ ಕ್ಲಬ್ಬಿನವರು ಕೊಟ್ಟ ಬೂಟು ಹಲಗೆಯಂತೆ ಗಟ್ಟಿ. ಅದು ಮೆತ್ತಗಾಗಲಿ ಎಂದು ದಿನಾ ಹರಳೆಣ್ಣೆ ಸವರಿ ಬಿಸಿಲಿಗಿಡುತ್ತಿದ್ದ. ನೀರು ತರಲು ಹೋಗುವಾಗ, ಸೌದೆ ಒಡೆಯುವಾಗ ಕೂಡ ಹಾಕಿಕೊಂಡೇ ಇರುತ್ತಿದ್ದ. ಲೈನ್ ಮನೆಯ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರಂತೆ. ಇಷ್ಟು ಮಾಡಿದರೂ ಮೈದಾನಕ್ಕಿಳಿದರೆ ಚೆಂಡು ಕಾಲಿಗೆ ಬಡಿದು ಗಜ ದೂರ ಹಾರುತ್ತಿತ್ತು. ಅವನು ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡುತ್ತಿದ್ದ. ಆ ನೋಟ ನೋಡಲು ನನಗೆ ಆಗುತ್ತಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ಭದ್ರಾವತಿಯಲ್ಲೇ ಆಯಿತು. ಬೆಂಗಳೂರಿನಿಂದ ಬಂದ ತಂಡ. ಆಟ ಮುಗಿಯಲು ಇನ್ನೇನು ಐದು ನಿಮಿಷವಿದೆ ಎನ್ನುವಾಗ ಮಾಣಿಕ್ಯಂ ಎಂದಿನಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ನಿಂತ ಜಾಗ ಸರಿಯಾಗಿಯೇ ಇತ್ತು. ಬೂಟು ಜಾರಿತು. ಅಂಗಾತ ಬಿದ್ದ. ಎದುರಿನವನು ಅವನನ್ನು ದಾಟಿಕೊಂಡು ಹೋಗಿ ಗೋಲು ಹೊಡೆದ. ಇಡೀ ಗ್ಯಾಲರಿ ಎದ್ದು ನಿಂತು ಬಾಯಿಗೆ ಬಂದಂತೆ ಕೂಗಿತು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ ಕೂಗು ಯಾವುದು ಗೊತ್ತೇ? "ಬೂಟು ಬಿಚ್ಚಿಟ್ಟು ಮನೆಗೆ ಹೋಗೋ ಮಾರಾಯಾ!" ಅದು ನನ್ನದು. ಅವನು ಎದ್ದು ಮಣ್ಣು ಕೊಡವಿಕೊಳ್ಳುತ್ತ ನಮ್ಮ ಕಡೆ ತಿರುಗಿ ನೋಡಿದ. ಯಾರು ಕೂಗಿದರು ಎಂದು ಅವನಿಗೆ ತಿಳಿಯಲಿಲ್ಲ. ನಾನು ಥಟ್ಟನೆ ಕೂತುಬಿಟ್ಟೆ.

ಪಂದ್ಯ ಸೋತ ಸಂಜೆ ಎಲ್ಲರೂ ಬಂದು ಬೀಳುತ್ತಿದ್ದದ್ದು ಜನ್ನಾಪುರದ ಹಾಲಪ್ಪನ ಹೋಟೆಲಿಗೆ. ನಾಲ್ಕು ಬೆಂಚು, ಒಂದು ಒಲೆ, ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಅಲ್ಲೊಂದು ರೂಢಿಯಿತ್ತು. ಹೊಸ ಕಾಗದಗಳು ಹೊರಡುವ ಮೊದಲು, ಯಾರು ಇರಲಿ, ಯಾರು ಬೇಡ ಎಂದು ನೋಡುವ ಜನರ ಅಭಿಪ್ರಾಯವನ್ನು ಒಂದು ಅರ್ಜಿಯಲ್ಲಿ ಬರೆದು ಕಾರ್ಖಾನೆಯ ಸಾಹೇಬರಿಗೆ ಕಳಿಸುವುದು. ಗ್ಯಾಲರಿಯಲ್ಲಿ ಕೂರುವವರೆಲ್ಲ ಕಾರ್ಖಾನೆಯ ಕೆಲಸಗಾರರೇ ಆದ್ದರಿಂದ ಸಾಹೇಬರು ಅದನ್ನು ಓದುತ್ತಿದ್ದರು. ಆದರೆ ಅರ್ಜಿ ಒಂದೇ ಇರಬೇಕು. ಬೇಕು ಎಂದು ಒಂದು, ಬೇಡ ಎಂದು ಇನ್ನೊಂದು ಹೋದರೆ ಎರಡೂ ಕಸದ ಬುಟ್ಟಿಗೆ. ಹಾಗಾಗಿ ಎಲ್ಲರೂ ಒಪ್ಪುವವರೆಗೆ ವಾದ ಮಾಡಲೇಬೇಕು.

"ಇದರಲ್ಲಿ ವಾದ ಏನು ಬಂತು?" ಎಂದು ಭಾವ ಶುರು ಮಾಡಿದರು. "ಆಟಕ್ಕೆ ಅಂತ ತಗೊಂಡಿದ್ದು. ಆಟ ಹೋಯ್ತು. ಇನ್ಯಾಕೆ ಕಾಗದ? ಬೆಂಗಳೂರಲ್ಲಿ ಒಬ್ಬ ಹುಡುಗ ಇದ್ದಾನಂತೆ. ಬೂಟು ಹಾಕ್ಕೊಂಡೇ ಹುಟ್ಟಿದ್ದಾನಂತೆ."

"ಅವನ ತಾಯಿ ಪಾಪ," ಎಂದ ಹಾಲಪ್ಪ ಒಲೆಯ ಹತ್ತಿರದಿಂದ. ಎಲ್ಲರೂ ಗೊಳ್ಳೆಂದರು. ಹಾಲಪ್ಪ ಮಾಣಿಕ್ಯಂನ ಪರಮ ಭಕ್ತ. "ಬಸವರಾಜಪ್ನೋರೆ, ಏಳು ವರ್ಷ ಎಡಗಡೆಯಿಂದ ಒಂದು ಬಾಲು ಬಂತಾ? ನಮ್ ಗೋಲ್ ಕೀಪರ್ರು ಆ ಕಡೆ ನೋಡೋದೇ ಮರ್ತಿದ್ದ."

"ಅದು ಹೋದ ಕಥೆ. ಏಳು ವರ್ಷದಲ್ಲಿ ಒಂದು ಗೋಲು ಹೊಡ್ದಿದ್ದಾನಾ, ಹೇಳು."

"ಹಾಫ್ ಬ್ಯಾಕು ಗೋಲು ಹೊಡೆಯೋದಲ್ಲ ಮಾರಾಯ್ರೆ, ತಡೆಯೋದು!"

"ಎಲ್ಲಿ ತಡ್ದ ಇವತ್ತು? ಅಂಗಾತ ಮಲ್ಕೊಂಡು ತಡ್ದನಾ?"

ಮೂಲೆಯ ಬೆಂಚಿನಲ್ಲಿ ಫೌಂಡ್ರಿಯ ಮೇಸ್ತ್ರಿ ಕಾಸಿಂ ಸಾಬರು ಚಹಾ ಆರಿಸಿಕೊಳ್ಳುತ್ತ ಕೂತಿದ್ದರು. ಮಾತು ಕಡಿಮೆ. ಅವರು ಮೆಲ್ಲಗೆ, "ಬೂಟು ಹೊಸದು, ಆದ್ಮಿ ಹಳಬ. ಜರಾ ಟೈಮ್ ಕೊಡಿ," ಎಂದರು.

"ಟೈಮ್ ಕೊಡೋಕೆ ಅವನೇನು ಇಪ್ಪತ್ತರ ಹುಡುಗನಾ ಸಾಬ್ರೆ? ಇನ್ನೊಂದು ವರ್ಷಕ್ಕೆ ಬೂಟು ಮೆತ್ತಗಾಗ್ತದೆ, ಕಾಲು ಗಟ್ಟಿಯಾಗ್ತದೆ," ಎಂದರು ಭಾವ.

ಹಾಲಪ್ಪನಿಗೆ ರೇಗಿತು. "ಬೇಡ ಅನ್ನೋರಿಗೆ ಇವತ್ತು ಕಾಫಿಗೆ ಸಕ್ಕರೆ ಹಾಕಲ್ಲ," ಎಂದ. ಹಾಕಲೂ ಇಲ್ಲ. ಭಾವ ಆ ಕಹಿ ಕಾಫಿಯನ್ನು ಮುಖ ಕಿವಿಚದೆ ಕುಡಿದು ತಮ್ಮ ಮಾತಿಗೇ ನಿಂತರು. ನಾನು? ಎಲ್ಲದಕ್ಕೂ ಬಾಯಿ ಹಾಕುವ ನಾನು ಅವತ್ತು ಬಾಯಿ ಬಿಡಲಿಲ್ಲ. ನನ್ನ ಕೂಗು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಅವತ್ತು ತೀರ್ಮಾನವಾಗಲಿಲ್ಲ. ಮುಂದಿನ ಭಾನುವಾರವೂ ಆಗಲಿಲ್ಲ. ಹೋಟೆಲಿನಲ್ಲಿ ಅರ್ಧ ಜನ ಹಾಲಪ್ಪನ ಕಡೆ, ಅರ್ಧ ಜನ ಭಾವನ ಕಡೆ.

ತೀರ್ಮಾನ ಮಾಡಿದವಳು ಗಿರಿಜಕ್ಕ. ಮೂರನೆಯ ಭಾನುವಾರ ಊಟಕ್ಕೆ ಕೂತಾಗಲೂ ಭಾವನ ಬಾಯಲ್ಲಿ ಅದೇ ಮಾತು. ಅಕ್ಕ ಪಲ್ಯ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅವನ ಹೆಂಡ್ತಿ ಸೆಲ್ವಿ ನಂಗೆ ನಲ್ಲಿ ಹತ್ರ ಸಿಗ್ತಾಳೆ. ಆ ಮನೇಗೆ ಬಂದು ಏಳು ವರ್ಷ ಆಯ್ತಂತೆ. ಗೋಡೆಗೆ ಒಂದು ಮೊಳೆ ಹೊಡ್ದಿಲ್ಲ. ಯಾಕೆ ಅಂದ್ರೆ, ಯಾವಾಗ ಖಾಲಿ ಮಾಡು ಅಂತಾರೋ, ನಮ್ದಲ್ಲದ ಗೋಡೆಗೆ ಯಾಕೆ ತೂತು ಅಂತಾಳೆ. ದೇವರ ಪಟಾನೂ ನೆಲದ ಮೇಲೇ ಇಟ್ಕೊಂಡಿದ್ದಾಳೆ. ಕಾಗದ ಬರ್ಲಿಲ್ಲ ಅಂದ್ರೆ ಅವನು ಗಣಿಗೆ ಇಳೀಬೇಕು. ಮಾವ ಸತ್ತ ಹಾಗೆ ಇವರೂ ಸಾಯ್ತಾರೆ ಅಂತ ಅತ್ಲು."

"ಅದು ಬೇರೆ ವಿಷಯ ಕಣೇ. ಆಟ ಸರಿಯಿಲ್ಲ ಅಂದ್ರೆ ಸರಿಯಿಲ್ಲ," ಎಂದರು ಭಾವ. ದನಿ ಮಾತ್ರ ಸಣ್ಣಗಾಗಿತ್ತು.

"ನೀವು ಸ್ಟೋರ್ಸಲ್ಲಿ ಮಾಡೋ ಕೆಲಸ ನೋಡೋಕೆ ಒಂದು ಸಾವಿರ ಜನ ಬಂದು ಗ್ಯಾಲರೀಲಿ ಕೂತು ಕೂಗ್ಲಿ. ಆಮೇಲೆ ಹೇಳಿ, ಯಾರ ಕೆಲಸ ಸರಿಯಿದೆ ಅಂತ," ಎಂದು ಅಕ್ಕ ಒಳಗೆ ಹೋದಳು. ಭಾವ ಮಜ್ಜಿಗೆಯನ್ನೂ ಕೇಳದೆ ಎದ್ದರು. ಸಂಜೆ ಹೋಟೆಲಿಗೆ ಹೋಗಿ, "ಆಯ್ತು, ಒಂದು ವರ್ಷ ಇರ್ಲಿ," ಎಂದರು. ಹಾಲಪ್ಪ ಸಕ್ಕರೆ ಡಬ್ಬಿಯನ್ನೇ ತಂದು ಅವರ ಮುಂದೆ ಇಟ್ಟ.

ಈಗ ಅರ್ಜಿ ಬರೆಯುವವರು ಯಾರು? "ನಾನು ಬರೀತೀನಿ," ಎಂದೆ. ನನ್ನ ಪಾಪಕ್ಕೆ ನಾನೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ನನ್ನ ಇಂಗ್ಲಿಷನ್ನು ಜನ್ನಾಪುರಕ್ಕೆ ತೋರಿಸುವ ಚಪಲವೂ ಇತ್ತು. ನಮ್ಮ ವಕೀಲರು ನನಗೆ ಒಂದು ಪಾಠ ಹೇಳಿಕೊಟ್ಟಿದ್ದರು: ನಮ್ಮ ಕಕ್ಷಿಯ ಬಲ ಎಲ್ಲಿದೆಯೋ ಅದನ್ನು ಮೊದಲು ಹೇಳು, ಮೂರು ಸಲ ಹೇಳು, ಬಲವಿಲ್ಲದ ಕಡೆ ಕೈಯೇ ಹಾಕಬೇಡ. ಮಾಣಿಕ್ಯಂನ ಬಲ ಎಲ್ಲಿದೆ? ಈ ವರ್ಷದ ಆಟದಲ್ಲಂತೂ ಇಲ್ಲ. ಕಾಸಿಂ ಸಾಬರನ್ನು ಹಿಡಿದೆ. ಅವರು ಫೌಂಡ್ರಿಯ ಮಾತು ಬಂದರೆ ಹರಿಯುವ ಹೊಳೆ. "ಅವನು ಕಟ್ಟಿದ ಅಚ್ಚಲ್ಲಿ ಮಾಲು ಖರಾಬ್ ಆಗಿದ್ದು ನಾನು ನೋಡಿಲ್ಲ ಸಾಬ್. ಮರಳು ಹಿಡಿದ್ರೇ ಹೇಳ್ತಾನೆ, ನೀರು ಜಾಸ್ತಿ, ನೀರು ಕಮ್ಮಿ ಅಂತ. ಏಳು ವರ್ಷಕ್ಕೆ ಒಂದು ದಿನ ನಾಗಾ ಇಲ್ಲ. ಅಂಥ ಕೈ ನಮ್ ಶಾಪಲ್ಲಿ ಇನ್ನೊಂದಿಲ್ಲ," ಎಂದರು. ನಾನು ಶಿವಮೊಗ್ಗಕ್ಕೆ ಹೋಗಿ ಅದನ್ನೆಲ್ಲ ಎರಡು ಪುಟ ಟೈಪ್ ಮಾಡಿದೆ. ವಿನಯಪೂರ್ವಕ, ಸವಿನಯ, ಅತ್ಯಂತ ವಿನಮ್ರ, ಯಾವುದನ್ನೂ ಬಿಡಲಿಲ್ಲ. ಇಂಥ ಕೆಲಸಗಾರನನ್ನು ಕಳೆದುಕೊಂಡರೆ ಫೌಂಡ್ರಿಗೆ ತುಂಬಲಾರದ ನಷ್ಟ ಎಂದು ಮೂರು ಸಲ ಬರೆದೆ. ಎರಡು ಪುಟದಲ್ಲಿ ಫುಟ್‌ಬಾಲ್ ಎಂಬ ಶಬ್ದ ಒಂದೇ ಒಂದು ಸಲ, ಅದೂ ಕೊನೆಯ ಸಾಲಿನಲ್ಲಿ ಬಂತು.

ಹಾಲಪ್ಪನ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ಆದರೂ, ಅಥವಾ ಅದಕ್ಕೇ, ಎಲ್ಲರೂ ಭೇಷ್ ಎಂದರು. ಭಾವ ಕನ್ನಡಕ ಏರಿಸಿ, "ಇಂಗ್ಲಿಷ್ ಜೋರಾಗಿದೆ," ಎಂದು ಮೊದಲ ಸಹಿ ಹಾಕಿದರು. ಸಹಿ, ಹೆಬ್ಬೆಟ್ಟು ಎಲ್ಲ ಸೇರಿ ಇನ್ನೂ ಮೂರು ಹಾಳೆ ತುಂಬಿತು. ಮಾಣಿಕ್ಯಂನನ್ನು ಒಂದು ಮಾತು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೇಳುವುದೇನು, ನಾವು ಅವನ ಕಡೆಯವರಲ್ಲವೇ?

ಮೂರು ವಾರದ ಮೇಲೆ ನಾನು ರೈಲಿಳಿದು ಜನ್ನಾಪುರಕ್ಕೆ ಬಂದರೆ ಹೋಟೆಲಿನಲ್ಲಿ ಸಾವಿನ ಮನೆಯ ಮೌನ. ಹಾಲಪ್ಪ ನನ್ನನ್ನು ನೋಡಿ ಕೈಯಲ್ಲಿದ್ದ ಲೋಟವನ್ನು ಕುಕ್ಕಿದ. "ಬಂದ್ರು ನೋಡಿ ಪ್ಲೀಡರ್ ಸಾಹೇಬ್ರು! ನಮ್ ಹಾಫ್ ಬ್ಯಾಕನ್ನ ಫೌಂಡ್ರಿಗೆ ದಾನ ಕೊಟ್ಟು ಬಂದೋರು!"

ಆದದ್ದಿಷ್ಟು. ಸಾಹೇಬರು ಅರ್ಜಿಯನ್ನು ಪೂರ್ತಿ ಓದಿದ್ದರು. ಕಾಸಿಂ ಸಾಬರನ್ನು ಕರೆಸಿ ಕೇಳಿದರು. ಅವರೂ ಹೌದು ಹುಜೂರ್ ಎಂದರು. ಸಾಹೇಬರಿಗೆ ಸಂತೋಷವಾಯಿತು. ಹನ್ನೊಂದು ತಿಂಗಳ ಕಾಗದದ ಬದಲು ಮಾಣಿಕ್ಯಂಗೆ ಕಾಯಂ ಕೆಲಸದ ಆರ್ಡರ್ ಕೊಟ್ಟರು. ಲೈನ್ ಮನೆ ಅವನ ಹೆಸರಿಗೇ. ಮೊದಲನೆಯ ಪ್ಯಾರಾ ಅಷ್ಟು. ಎರಡನೆಯ ಪ್ಯಾರಾದಲ್ಲಿ, ಇವರ ಸೇವೆ ಫೌಂಡ್ರಿಗೆ ಇಷ್ಟು ಅಗತ್ಯವಿರುವುದರಿಂದ ಇವರನ್ನು ಆಟದ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ ಎಂದಿತ್ತು. ನಾನೇ ಬರೆದುಕೊಟ್ಟ ಮಾತುಗಳು. ಯಾರನ್ನು ದೂರಲಿ?

"ಆಡಿಸಿ ಅಂತ ಅರ್ಜಿ ಹಾಕಿ ಆಟ ಬಿಡಿಸಿದ ಮೊದಲ್ನೇ ಗುಮಾಸ್ತ ಕಣಯ್ಯ ನೀನು," ಎಂದರು ಭಾವ. ಬೈಯುತ್ತಿದ್ದರೂ ಅವರ ಕಣ್ಣಲ್ಲಿ ಬೇಸರವಿತ್ತು. ಬೇಡ ಬೇಡ ಎನ್ನುತ್ತಿದ್ದವರಿಗೇ ಎಲ್ಲರಿಗಿಂತ ಹೆಚ್ಚು ಬೇಸರವಾದದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು.

ಕ್ಷಮೆ ಕೇಳೋಣವೆಂದು ಮಾರನೆಯ ದಿನ ಬೆಳಿಗ್ಗೆ ಮಾಣಿಕ್ಯಂ ಮನೆಗೆ ಹೋದೆ. ಹೊಸ್ತಿಲಲ್ಲೇ ಟಕ್ ಟಕ್ ಸದ್ದು ಕೇಳಿಸಿತು. ಸೆಲ್ವಿ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಮುರುಗನ ಪಟ ಆಗಲೇ ಗೋಡೆ ಏರಿತ್ತು. ಇನ್ನೂ ನಾಲ್ಕು ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಪಟಕ್ಕೆ ಸಿಕ್ಕಿಸಿದ್ದ ಆರ್ಡರಿಗೆ ಕುಂಕುಮ ಹಚ್ಚಿತ್ತು. ಮಾಣಿಕ್ಯಂ ನನ್ನನ್ನು ನೋಡಿ ದಡಬಡ ಎದ್ದು ಚಾಪೆ ಹಾಸಿದ. "ಬನ್ನಿ ಸಾರ್, ಬನ್ನಿ. ನೀವು ಸಾಮಿ ಮಾದಿರಿ, ದೇವ್ರ ಹಾಗೆ," ಎಂದು ಕೈ ಮುಗಿದ.

"ಆಟದ ವಿಷಯ..." ಎಂದೆ.

"ಆಡೋಣ ಸಾರ್! ಈ ವರ್ಷ ನೋಡಿ. ಬೂಟು ಈಗ ಮೆತ್ತಗೆ ಆಗ್ತಾ ಇದೆ," ಎಂದು ಮೂಲೆಯಲ್ಲಿದ್ದ ಬೂಟು ತಂದು ತೋರಿಸಿದ. ಎಣ್ಣೆ ಕುಡಿದು ಕುಡಿದು ಅದು ಕಪ್ಪಾಗಿ ಹೊಳೆಯುತ್ತಿತ್ತು. ಮನೆ ತುಂಬ ಹರಳೆಣ್ಣೆಯ ವಾಸನೆ.

ಅವನಿಗೆ ಓದು ಬರುತ್ತಿರಲಿಲ್ಲ. ಆರ್ಡರ್ ಓದಿ ಹೇಳಿದವರು ಮೊದಲನೆಯ ಪ್ಯಾರಾ ಅಷ್ಟೇ ಹೇಳಿದ್ದರು. ಮುಂದಿನದನ್ನು ಹೇಳುವ ಧೈರ್ಯ ಇಡೀ ಭದ್ರಾವತಿಯಲ್ಲಿ ಯಾರಿಗೂ ಆಗಿರಲಿಲ್ಲ. ಸೆಲ್ವಿಯ ಕಡೆ ನೋಡಿದೆ. ಅವಳ ಸುತ್ತಿಗೆ ನಿಂತಿತ್ತು. ನಲ್ಲಿಯ ಹತ್ತಿರ ಕೇಳಿರಬೇಕು, ಅವಳಿಗೆ ಗೊತ್ತಿತ್ತು. ಹೇಳಬೇಡಿ ಎಂಬಂತೆ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಮಾಣಿಕ್ಯಂ ಆರ್ಡರನ್ನು ಪಟದಿಂದ ತೆಗೆದು ನನ್ನ ಕೈಗಿತ್ತ. "ನೀವೇ ಒಂದ್ಸಲ ಓದಿ ಸಾರ್. ನಿಮ್ಮ ಬಾಯಲ್ಲಿ ಕೇಳ್ಬೇಕು."

ಮೊದಲನೆಯ ಪ್ಯಾರಾ ಓದಿ ಕನ್ನಡದಲ್ಲಿ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ನಾನು ಕಾಗದ ಮಡಿಸಲು ಹೋದೆ.

"ಕೆಳಗೆ ಇನ್ನೂ ಇದೆಯಲ್ಲ ಸಾರ್."

ಓದಿದೆ. ಇನ್ನೇನು ಮಾಡಲಿ? ಇವತ್ತು ನಾನು ಹೇಳದಿದ್ದರೆ ನಾಳೆ ಮೈದಾನದಲ್ಲಿ ಇನ್ನಾರೋ ಹೇಳುತ್ತಾರೆ. ಅವನು ಬೂಟಿನ ಮೇಲಿದ್ದ ಎಣ್ಣೆಯನ್ನು ಬೆರಳಿನಿಂದ ಒರೆಸಿದ. ಆಮೇಲೆ, "ಪ್ರಾಕ್ಟೀಸಿಗೂ ಬಿಡಲ್ವಾ ಸಾರ್?" ಎಂದು ಕೇಳಿದ.

"ಇಲ್ಲ," ಎಂದೆ. "ತಪ್ಪು ನನ್ನದು ಮಾಣಿಕ್ಯಂ. ನಾನು ಬರೆದದ್ದರಿಂದ ಹೀಗಾಯ್ತು. ಇನ್ನೊಂದು ಅರ್ಜಿ ಬರೀತೀನಿ."

ಸೆಲ್ವಿ ಸ್ಟೂಲಿನಿಂದ ಇಳಿದಳು. ಗಂಡನ ಮುಖವನ್ನೇ ನೋಡುತ್ತ ನಿಂತಳು. ಅವನು ಅವಳನ್ನು ನೋಡಿದ, ಗೋಡೆಯನ್ನು ನೋಡಿದ. "ಬೇಡ ಸಾರ್," ಎಂದ. ಬೂಟುಗಳ ದಾರವನ್ನು ಒಂದಕ್ಕೊಂದು ಕಟ್ಟಿ ನನ್ನ ಕೈಗೆ ಕೊಟ್ಟ. "ಇದು ಕ್ಲಬ್ಬಿಂದು. ಹೋಗ್ತಾ ಕೊಟ್ಬಿಡ್ತೀರಾ?" ನಾನು ಅವನ್ನು ಕ್ಲಬ್ಬಿಗೆ ಮುಟ್ಟಿಸಿ ರೈಲು ಹತ್ತಿದೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಎರಡು ದಿನ ಕೈಯಿಂದ ಆ ವಾಸನೆ ಹೋಗಲಿಲ್ಲ.

ಮುಂದಿನ ಸೀಸನ್ನಿನಿಂದ ಮಾಣಿಕ್ಯಂ ಗ್ಯಾಲರಿಯಲ್ಲಿ ನಮ್ಮ ಪಕ್ಕದಲ್ಲೇ ಕೂರತೊಡಗಿದ. ಅವನ ಜಾಗಕ್ಕೆ ಬಂದ ಬೆಂಗಳೂರಿನ ಹುಡುಗ ತಪ್ಪು ಮಾಡಿದಾಗ ನಾವೆಲ್ಲ ಎದ್ದು ಕೂಗಿದರೆ ಇವನೊಬ್ಬ ಕೂತೇ ಇರುತ್ತಿದ್ದ. ನಿಧಾನಕ್ಕೆ ನಾವೂ ಕೂಗುವುದು ಕಡಿಮೆ ಮಾಡಿದೆವು. ಅವನ ಪಕ್ಕ ಕೂತು ಕೂಗಲು ಬಾಯಿ ಏಳುತ್ತಿರಲಿಲ್ಲ. ವರ್ಷದ ಕೊನೆಗೆ ಹೋಟೆಲಿನಲ್ಲಿ ಮತ್ತೆ ವಾದ ಎದ್ದಾಗ, ಗೋಲ್ ಕೀಪರ್ ಇರಲಿ, ಬೇಡ ಎಂದು ನಾವು ಕಚ್ಚಾಡುವಾಗ, ಅವನು ಪೆನ್ನು ಕೇಳಿ ಪಡೆದು 'ಇರಲಿ' ಎಂದು ಅರ್ಜಿಯ ಹಾಳೆಗೆ ಮೊದಲ ಸಹಿ ಹಾಕಿದ. ಅಷ್ಟರಲ್ಲಿ ಕಾಸಿಂ ಸಾಬರ ಹತ್ತಿರ ಸಹಿ ಮಾಡಲು ಕಲಿತಿದ್ದ. "ಅವನ ಆಟ ಹೇಗೆ ಅಂತ ನಿನ್ನ ಅಭಿಪ್ರಾಯ ಹೇಳಪ್ಪ," ಎಂದು ಭಾವ ಕೆಣಕಿದರು. "ಆಟ ನಂಗೆ ಗೊತ್ತಿಲ್ಲ ಸಾರ್. ಇರ್ಲಿ," ಎಂದ. ಯಾರ ವಿಷಯ ಬಂದರೂ ಅವನದು ಅದೇ ಮಾತು. ಆಟ ಗೊತ್ತಿಲ್ಲವಂತೆ! ಅಲ್ಲಿದ್ದವರಲ್ಲಿ ಆಟ ಗೊತ್ತಿದ್ದದ್ದು ಅವನೊಬ್ಬನಿಗೇ. ಇಂಥ ಮನುಷ್ಯನನ್ನು ನಾನು ಬಹಳ ಕಂಡಿಲ್ಲ.

ನಾನು ಈ ಕಥೆ ಹೇಳುವಾಗ ಯಾವಾಗಲೂ ಹಾಲಪ್ಪನ "ದಾನ ಕೊಟ್ಟು ಬಂದೋರು" ಎಂಬಲ್ಲಿಗೆ ನಿಲ್ಲಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಎರಡನೆಯ ಪ್ಯಾರಾ ಓದಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಹೋದ ವಾರ ಹೇಳಿದೆ. ಅವಳು ಮೊಮ್ಮಗಳ ತಲೆ ತಟ್ಟುತ್ತ ಎಲ್ಲ ಕೇಳಿ, "ಅವರು ಇದ್ದಾರಾ ಈಗ?" ಎಂದಳು. ಇದ್ದಾರೆ, ಮಗನ ಜೊತೆ ಜನ್ನಾಪುರದಲ್ಲಿ, ಎಂದೆ. "ಮತ್ತೆ ಇಲ್ಲಿ ಕೂತು ನಂಗೆ ಯಾಕೆ ಹೇಳ್ತೀರಿ? ಎದ್ದು ಹೋಗಿ ಬನ್ನಿ," ಎಂದಳು.

ಹೋದೆ. ಭಾವ ಇಲ್ಲ, ಹಾಲಪ್ಪ ಇಲ್ಲ, ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಮಾಣಿಕ್ಯಂ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಈಗ ಏಕವಚನ ನನ್ನ ಬಾಯಿಗೆ ಬರುವುದಿಲ್ಲ. ನನ್ನ ದನಿ ಕೇಳಿಯೇ ಗುರುತು ಹಿಡಿದರು. ಸೆಲ್ವಿಯಮ್ಮ ಒಳಗಿನಿಂದ ಕಾಫಿ ತಂದುಕೊಟ್ಟರು. ಆ ಮಾತು ಈ ಮಾತು ಆದ ಮೇಲೆ, ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಕೇಳಿಬಿಟ್ಟೆ. "ಅವತ್ತು ಅರ್ಜಿ ಬರೆಯೋಕೆ ಮುಂಚೆ ನಾವು ನಿಮ್ಮನ್ನ ಕೇಳಿದ್ರೆ ಏನು ಹೇಳ್ತಿದ್ರಿ ಮಾಣಿಕ್ಯಂ? ಕಾಯಂ ಕೆಲಸವಾ, ಇನ್ನೊಂದು ವರ್ಷ ಆಟವಾ?"

ಒಂದು ಕ್ಷಣವೂ ಯೋಚಿಸಲಿಲ್ಲ. "ಆಟ ಸಾರ್," ಎಂದರು.

"ಆಟವಂತೆ!" ಎಂದು ಸೆಲ್ವಿಯಮ್ಮ ಬಾಗಿಲಲ್ಲೇ ನಿಂತು ಗದರಿದರು. "ಹನ್ನೊಂದು ತಿಂ‌ಗಳು ಆಡೋದು, ಆಮೇಲೆ ಮಕ್ಕಳನ್ನ ಕಟ್ಕೊಂಡು ಗಣಿಗೆ ಹೋಗೋದು."

"ಅದೂ ನಿಜ," ಎಂದು ಅವರು ನಕ್ಕರು. ಆಮೇಲೆ ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಮರಳಲ್ಲಿ ದುಡಿದು ಒರಟಾದ, ಬೆಚ್ಚಗಿನ ಕೈ.

"ನೀವು ಕೇಳ್ದೇ ಇದ್ದದ್ದೇ ಒಳ್ಳೇದಾಯ್ತು ಸಾರ್," ಎಂದರು. "ಕೇಳಿದ್ರೆ ನಾನು ಆಡ್ಬಿಡ್ತಿದ್ದೆ."

ಹಾಗೆನ್ನುವಾಗ ಅವರ ಕಣ್ಣು ತುಂಬಿತ್ತು. ನನ್ನದೂ.